ಪಟ್ಟಿ ರಾಯರ ಫಾಂಡ್ಯೂ ಪಾತ್ರೆ

ಏನು ಕೊಳ್ಳಬೇಕಾದರೂ ಪಟ್ಟಿ ಹಿಡಿದು ಕೂರುವ ಪಟ್ಟಿ ರಾಯರು ಎಲ್ಲ ಊರಿನಲ್ಲೂ ಇದ್ದಾರೆ. ಬೆಂಗಳೂರಿನಲ್ಲಿದ್ದರೆ ಗ್ರೈಂಡರು, ವಾಷಿಂಗ್ ಮೆಷೀನು ಕೊಳ್ಳುವ ಮುಂಚೆ ನೆಂಟರಿಷ್ಟರೆಲ್ಲ ಇವರನ್ನೇ ಕೇಳುತ್ತಾರೆ. ಕೇಳಿದ ಅರ್ಧ ಗಂಟೆಗೆ ಯಾಕಾದರೂ ಕೇಳಿದೆವೋ ಅಂದುಕೊಳ್ಳುತ್ತಾರೆ. ಕೆಲಸದ ಮೇಲೆ ಜ್ಯೂರಿಕ್‌ಗೆ ಹೋಗಿ ನೆಲೆಸಿದರೂ ಇವರ ಸ್ವಭಾವ ಬದಲಾಗುವುದಿಲ್ಲ. ಚಳಿಗಾಲ ಬಂತು, ಆಫೀಸಿನ ಸ್ವಿಸ್ ಸಹೋದ್ಯೋಗಿ ಮನೆಗೆ ಕರೆದು, ಕರಗಿದ ಚೀಸಿನಲ್ಲಿ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂ ಬಡಿಸಿದ ಅನ್ನಿ. ಮರುದಿನವೇ ರಾಯರ ಲ್ಯಾಪ್‌ಟಾಪಿನಲ್ಲಿ ಹೊಸ ಎಕ್ಸೆಲ್ ಹಾಳೆ ಹುಟ್ಟುತ್ತದೆ: ‘ಎಲೆಕ್ಟ್ರಿಕ್ ಫಾಂಡ್ಯೂ ಪಾತ್ರೆ - ಅಂತಿಮ’. ವಾರ ಕಳೆಯುವುದರಲ್ಲಿ ಅದಕ್ಕೆ ‘ಅಂತಿಮ 2’ ಮತ್ತು ‘ಅಂತಿಮ ಹೊಸದು’ ಎಂಬ ತಮ್ಮಂದಿರೂ ಆಗಿರುತ್ತಾರೆ.

“ರೀ, ಪಾತ್ರೆ ಯಾವತ್ತು ತರ್ತೀರಿ?” ಎಂದು ಮನೆಯಾಕೆ ಕೇಳಿದರೆ ರಾಯರು 1699ರಿಂದ ಶುರು ಮಾಡುತ್ತಾರೆ. ಆ ವರ್ಷದ ಜ್ಯೂರಿಕ್‌ನ ಕೈಬರಹದ ಅಡುಗೆ ಪುಸ್ತಕವೊಂದರಲ್ಲಿ ಚೀಸನ್ನು ವೈನ್‌ನಲ್ಲಿ ಬೇಯಿಸುವ ವಿಧಾನ ಸಿಗುತ್ತದೆ. ಅಲ್ಲಿಂದ ಜಿಗಿದು ಸ್ವಿಸ್ ಚೀಸ್ ಯೂನಿಯನ್‌ಗೆ ಬರುತ್ತಾರೆ. 1914ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಈ ಸಂಸ್ಥೆ, ದೇಶದ ಚೀಸ್ ಖರ್ಚಾಗಲೆಂದು 1930ರ ದಶಕದಿಂದ ಫಾಂಡ್ಯೂವನ್ನು ರಾಷ್ಟ್ರೀಯ ತಿನಿಸೆಂದು ಪ್ರಚಾರ ಮಾಡಿತು. “ಅಂದರೆ, ಇದು ಅಜ್ಜಿಯರ ಕಾಲದ ಅಡುಗೆಯೂ ಹೌದು, ಜಾಹೀರಾತಿನ ಕೂಸೂ ಹೌದು” ಎಂದು ರಾಯರು ಮುಗಿಸುವ ಹೊತ್ತಿಗೆ ಆಕೆ ಕುಕ್ಕರ್ ಇಳಿಸಿ ಅನ್ನ, ಸಾರು ಬಡಿಸಿ ಆಗಿರುತ್ತದೆ.

ಸ್ವಿಸ್ ಮನೆಗಳಲ್ಲಿ ಫಾಂಡ್ಯೂಗೆ ಇರುವುದು ಕಾಕ್ಲೋನ್ ಎಂಬ ದಪ್ಪ ತಳದ ಮಣ್ಣಿನ ಅಥವಾ ಎರಕದ ಕಬ್ಬಿಣದ ಪಾತ್ರೆ. ಒಲೆಯ ಮೇಲೆ ಚೀಸ್ ಕರಗಿಸಿ, ಊಟದ ಮೇಜಿಗೆ ತಂದು, ಕೆಳಗೆ ಸ್ಪಿರಿಟ್ ಬರ್ನರ್ ಹಚ್ಚಿಟ್ಟರೆ ಮುಗಿಯಿತು. ರಾಯರ ಮನೆಯಲ್ಲಿರುವುದು ಇಂಡಕ್ಷನ್ ಒಲೆ; ಬರೀ ಮಣ್ಣಿನ ಪಾತ್ರೆ ಅದರ ಮೇಲೆ ಬಿಸಿಯೇ ಆಗದು. ಬರ್ನರ್ ಇನ್ನೂ ಬಿಸಿಯಿದ್ದಾಗ ಸ್ಪಿರಿಟ್ ಸುರಿದರೆ ಭಗ್ಗನೆ ಹೊತ್ತಿಕೊಳ್ಳುವ ಭಯ ಬೇರೆ. ಹಾಗಾಗಿ ಎಲೆಕ್ಟ್ರಿಕ್ ಪಾತ್ರೆಯೇ ಆಗಬೇಕು. ಇಷ್ಟರ ಮಟ್ಟಿಗೆ ಅವರ ತರ್ಕದಲ್ಲಿ ಹುಳುಕಿಲ್ಲ. ತೊಂದರೆ ಶುರುವಾಗುವುದು ಆಮೇಲೆ.

ಹಾಳೆಯ ಮೊದಲ ಕಾಲಂ ಉಷ್ಣತೆ. ಫಾಂಡ್ಯೂ ಚಾಕೊಲೇಟಿನದಾದರೆ ಅದು 35 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಸಿಕ್ಕಾಪಟ್ಟೆ ಕಾಯಿಸಿದರೆ ಗಂಟುಗಂಟಾಗಿ ಸೀದು ಹೋಗುತ್ತದೆ. ಚೀಸ್ ಕುದಿಯಲೇಬಾರದು. ಕುದಿಸಿದರೆ ಪ್ರೋಟೀನೆಲ್ಲ ಮುದ್ದೆಗಟ್ಟಿ ಜಿಡ್ಡು ಮೇಲೆ ತೇಲುತ್ತದೆ. ವೈನ್‌ನ ಹುಳಿ ಮತ್ತು ಒಂದು ಚಮಚ ಕಾರ್ನ್‌ಫ್ಲೋರ್ ಹಾಕುವುದು ಅದನ್ನು ತಡೆಯಲೆಂದೇ. ಬಿಸಿ ಎಣ್ಣೆಯಲ್ಲಿ ತುಂಡುಗಳನ್ನು ಅದ್ದಿ ಕರಿಯುವ ಮಾಂಸದ ಫಾಂಡ್ಯೂಗಾದರೆ ಎಣ್ಣೆ 180 ಡಿಗ್ರಿ ಮುಟ್ಟಬೇಕು. ರಾಯರು ಶುದ್ಧ ಸಸ್ಯಾಹಾರಿ. ಆದರೂ 180 ಬೇಕೇ ಬೇಕು ಎಂದು ಹಟ ಹಿಡಿಯುತ್ತಾರೆ. ಯಾಕೆಂದರೆ, “ಮೇಜಿನ ಮೇಲೇ ಮೆಣಸಿನಕಾಯಿ ಬಜ್ಜಿ ಕರಿಯಬಹುದಲ್ಲ!”

ಅಂಗಡಿಯ ಪಾತ್ರೆಗಳಲ್ಲಿ ಎಷ್ಟೋ ಡಯಲ್‌ಗಳ ಮೇಲೆ ಡಿಗ್ರಿಯೇ ಇರುವುದಿಲ್ಲ. ಒಂದರಿಂದ ಐದರವರೆಗೆ ಅಂಕಿ, ಇಲ್ಲವೇ ‘ಕನಿಷ್ಠ’, ‘ಗರಿಷ್ಠ’ ಅಷ್ಟೇ. ಇದು ರಾಯರಿಗೆ ವೈಯಕ್ತಿಕ ಅವಮಾನ. ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋದಾಗ ಎಲ್ಲರೂ ಫೋರ್ಕಿಗೆ ಬ್ರೆಡ್ಡಿನ ತುಂಡು ಚುಚ್ಚಿಕೊಳ್ಳುತ್ತಿದ್ದರೆ, ಇವರು ಜೇಬಿನಿಂದ ಅಡುಗೆಯ ಥರ್ಮಾಮೀಟರ್ ತೆಗೆದು ಚೀಸಿನೊಳಗೆ ಇಳಿಬಿಡುತ್ತಾರೆ. ಪಾತ್ರೆಯ ಕೆಂಪು ದೀಪ ಹತ್ತುತ್ತದೆ, ಆರುತ್ತದೆ. ಹತ್ತಿದಾಗ ಕಾಯಿಲ್‌ನ ನೇರ ಮೇಲೆ ಮಾತ್ರ ಚೀಸ್ ಉಂಗುರದ ಆಕಾರದಲ್ಲಿ ಕೊತಕೊತ ಕುದಿಯುತ್ತದೆ, ನಡುವೆ ತಣ್ಣಗೆ. “ನೋಡಿದಿರಾ? ತಳ ತೆಳು!” ಎಂದು ರಾಯರು ಘೋಷಿಸುತ್ತಾರೆ. ಬಡಿಸಿದ ಗೃಹಿಣಿಯ ಮುಖ ನೋಡಬೇಕೆಂಬುದು ಹಾಳೆಯ ಯಾವ ಕಾಲಂನಲ್ಲೂ ಇಲ್ಲ.

ಚೀಸಿನ ಸರದಿ ಬಂದಾಗ ಧರ್ಮಸಂಕಟ. ಗ್ರುಯೇರ್ ಅರ್ಧ, ಫ್ರಿಬೂರ್ ಪ್ರಾಂತದ ವಾಶ್ರಾನ್ ಅರ್ಧ ಹಾಕುವ ‘ಮ್ವಾಟಿಯೆ-ಮ್ವಾಟಿಯೆ’ ಬಲು ಹೆಸರಾದ ಜೋಡಿ. ಆದರೆ ಸಂಪ್ರದಾಯದ ಗ್ರುಯೇರ್‌ನಲ್ಲಿ ಹಾಲು ಒಡೆಸಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಇದು ತಿಳಿದ ದಿನ ರಾಯರು ರಾತ್ರಿ ಊಟ ಬಿಟ್ಟು, ಸಸ್ಯಮೂಲದ ರೆನೆಟ್ಟಿನ ಚೀಸ್ ಹುಡುಕುತ್ತ ಕೂರುತ್ತಾರೆ. ವೈನ್ ಕುಡಿಯದವರಿಗೆ ಒಂದು ಸಮಾಧಾನ: ಬರೀ ವಾಶ್ರಾನ್‌ನ ಫ್ರಿಬೂರ್ ಫಾಂಡ್ಯೂವನ್ನು ನೀರಿನಲ್ಲೇ, ತೀರಾ ಸಣ್ಣ ಉರಿಯಲ್ಲಿ ಮಾಡುತ್ತಾರೆ.

ಇನ್ನು ಎಂಜಲು. ಒಂದೇ ಪಾತ್ರೆಗೆ ಆರು ಜನ ಫೋರ್ಕ್ ಅದ್ದುವುದೆಂದರೆ ಮೈಸೂರಿನಿಂದ ವಿಡಿಯೊ ಕಾಲ್‌ನಲ್ಲಿರುವ ಅಮ್ಮನಿಗೆ ಸಹಿಸಲಾಗದು. “ಅಯ್ಯೋ ರಾಮ, ಬಾಯಿಗಿಟ್ಟಿದ್ದನ್ನೇ ಮತ್ತೆ ಅದ್ದೋದಾ ಮಗಾ?” ಫೋರ್ಕಿನ ಹಿಡಿಯ ತುದಿಗೆ ಬೇರೆ ಬೇರೆ ಬಣ್ಣ ಇರುತ್ತದೆ, ಯಾರದು ಯಾವುದೆಂದು ತಪ್ಪುವುದಿಲ್ಲ, ತುಟಿ ತಾಗಿಸದೆ ಹಲ್ಲಿನಿಂದ ಬ್ರೆಡ್ ಎಳೆದುಕೊಳ್ಳುವುದೇ ಅಲ್ಲಿಯ ಶಿಷ್ಟಾಚಾರ ಎಂದು ಮಗ ವಿವರಿಸುತ್ತಾನೆ. ಬ್ರೆಡ್ಡನ್ನು ಪಾತ್ರೆಯಲ್ಲಿ ಬೀಳಿಸಿದವರಿಗೆ ದಂಡ ಹಾಕುವ ತಮಾಷೆಯೂ ಉಂಟು ಎನ್ನುತ್ತಾನೆ. “ನೀನು ತಟ್ಟೆಗೆ ಬಡಿಸ್ಕೊಂಡು ತಿನ್ನಪ್ಪ” ಎಂದು ಅಮ್ಮ ಫೋನ್ ಇಡುತ್ತಾರೆ. ಹಾಳೆಗೆ ಇನ್ನೊಂದು ಕಾಲಂ ಸೇರುತ್ತದೆ: ‘ಸೌಟು ಹಿಡಿಸುತ್ತದೆಯೇ?’

ಹೀಗೆ ಮಾರ್ಚ್ ಕಳೆದು, ಹಿಮ ಕರಗಿ, ಫಾಂಡ್ಯೂ ಕಾಲ ಮುಗಿಯುತ್ತದೆ. ರಾಯರು ಕೊಳ್ಳುವುದಿಲ್ಲ. ಮುಂದಿನ ಹಂಗಾಮಿಗೆ ಹೊಸ ಮಾಡೆಲ್ ಬರಬಹುದಲ್ಲ! ಅಷ್ಟರಲ್ಲಿ ಮನೆಯಾಕೆ ಬ್ರೋಕನ್‌ಹೌಸ್ ಎಂಬ ಹಳೆ ಸಾಮಾನಿನ ಅಂಗಡಿಗೆ ಹೋಗಿ, ಕಬ್ಬಿಣದ ಕಾಕ್ಲೋನ್, ಬರ್ನರ್, ಆರು ಫೋರ್ಕ್ ಎಲ್ಲ ಸೇರಿಸಿ ಅಗ್ಗಕ್ಕೆ ತಂದು ಅಟ್ಟದ ಮೇಲಿಟ್ಟಿರುತ್ತಾರೆ. ರಾಯರಿಗೆ ಇನ್ನೂ ಗೊತ್ತಿಲ್ಲ.

ರಾಯರ ಹಾಳೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಕಾಲಂಗಳು ಕೆಲವೇ. ಚೀಸ್ ಫಾಂಡ್ಯೂ ಮಾತ್ರ ಸಾಕೆನ್ನುವವರಿಗೆ ದಪ್ಪ ತಳದ ಕಾಕ್ಲೋನೇ ಸಾಕು. ಮಕ್ಕಳಿರುವ ಮೇಜಿನಲ್ಲಿ ಬೆಂಕಿ ಬೇಡ, ಚಾಕೊಲೇಟೂ ಬೇಕು, ಎಣ್ಣೆಯೂ ಬೇಕು ಅನ್ನುವವರು ಎಲೆಕ್ಟ್ರಿಕ್ ಕೊಳ್ಳಲಿ. ನಾಲ್ವರಿಗೆ ಎರಡು ಲೀಟರ್ ಧಾರಾಳ. ತಲೆಗೆ 200 ಗ್ರಾಂ ಚೀಸ್ ಲೆಕ್ಕ. ಡಯಲ್ ಮೇಲೆ ಡಿಗ್ರಿ ಇರಲಿ, ಕಡಿಮೆ ಉಷ್ಣತೆಯಲ್ಲೂ ನಿಲ್ಲುವಂತಿರಲಿ. ಬ್ರೆಡ್ಡಿನಿಂದ ತಳ ಕೆರೆಯುತ್ತಲೇ ತಿನ್ನುವ ತಿನಿಸಿದು, ಆದ್ದರಿಂದ ನಾನ್‌ಸ್ಟಿಕ್ ಲೇಪ ಸ್ಟೀಲ್ ಫೋರ್ಕಿಗೆ ಬಹಳ ದಿನ ಬಾಳುವುದಿಲ್ಲ. ವಯರ್ ಮೇಜಿನಂಚಿಂದ ಜೋತಾಡದಂತೆ ಪ್ಲಗ್ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ಕೊನೆಯಲ್ಲಿ ತಳಕ್ಕಂಟುವ ಚೀಸಿನ ಗರಿಗರಿ ಪದರವನ್ನು ಕೆರೆದು ತಿಂದ ಮೇಲೆ ಪಾತ್ರೆ ತೊಳೆಯಲೇಬೇಕು. ಹೀಟರ್‌ನಿಂದ ಬಟ್ಟಲು ಬೇರೆಯಾಗಿ ಬರದಿದ್ದರೆ, ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.