ಕುಲುಕಿದ ಡಬ್ಬ

ಉಬ್ರಾಣಿ ಹೋಬಳಿಯಲ್ಲಿ ಬಡ್ತಿ ಅಂದರೆ ಮೇಲೆ ಹತ್ತುವುದೇ. ಭದ್ರೆಯ ನೀರು ಕೂಡ ಏತ ನೀರಾವರಿಯ ಪೈಪಿನಲ್ಲಿ ಹತ್ತಿಯೇ ನಮ್ಮ ಕೆರೆಗೆ ಬರಬೇಕು. ಅಡಿಕೆ ತೋಟದಲ್ಲಂತೂ ಮರ ಹತ್ತಿ ಕೊನೆ ಕೊಯ್ಯುವ ಕೊನೆಗಾರನಿಗಿಂತ ಮೇಲಿನ ಹುದ್ದೆಯೇ ಇಲ್ಲ. 40 ಅಡಿ ಎತ್ತರದಿಂದ ಅವನಿಗೆ ಸಾಹುಕಾರನ ಬೋಳುತಲೆಯೂ ಕಾಣುತ್ತದೆ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದು, ನೆಲದಲ್ಲಿ ನಿಂತೇ ಕೊನೆ ಕೊಯ್ಯುವಂತಾಯಿತು. ಹುದ್ದೆ ಇಳಿಯಿತು, ಜೀವಭಯ ಹೋಯಿತು, ಕತ್ತುನೋವು ಬಂತು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಕ್ಕನ ಮಗ ದೀಪಾವಳಿಗೆ ಬಂದವನು ಅಪ್ರೈಸಲ್ ಕಷ್ಟ ತೋಡಿಕೊಂಡ. ವರ್ಷದ ಕೆಲಸಕ್ಕೆ ತನಗೆ ತಾನೇ ಅಂಕ ಹಾಕಿಕೊಳ್ಳಬೇಕಂತೆ. ಜಾಸ್ತಿ ಹಾಕಿಕೊಂಡರೆ ಜಂಬ, ಕಮ್ಮಿ ಹಾಕಿಕೊಂಡರೆ ಅದೇ ಕಾಯಂ.

ಅಡಿಕೆ ಸುಲಿಯುತ್ತಿದ್ದವಳೊಬ್ಬಳು, "ನಿಮ್ಮಲ್ಲಿ ಡಬ್ಬ ಇಲ್ಲೇನಪ್ಪಾ?" ಅಂದಳು.

ತೋಟದ ಫಸಲು ಗುತ್ತಿಗೆ ಹಿಡಿದವರ ಚೇಣಿ ಮನೆಯಲ್ಲಿ ಸುಲಿದಷ್ಟು ಡಬ್ಬ, ಡಬ್ಬಕ್ಕೆ ಇಷ್ಟು ಅಂತ ಕೂಲಿ. ಕೊಯ್ದ ಕಾಯಿ ಕಾಯುವುದಿಲ್ಲ. ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದರೇ ಅದು ಕೆಂಪು ರಾಶಿ. ಹಾಗಾಗಿ ರಾತ್ರಿಯೂ ಕತ್ತಿ ಆಡುತ್ತಿರುತ್ತದೆ. ಅಳೆಯುವಾಗ ಸಾಹುಕಾರ ಡಬ್ಬವನ್ನು ಮೆಲ್ಲಗೆ ಕುಲುಕುತ್ತಾನೆ. ಅಡಿಕೆ ಒಂದು ಬೆರಳು ಕೆಳಗಿಳಿಯುತ್ತದೆ. ಸುಲಿದವಳ ಕಣ್ಣು ಅಡಿಕೆಯ ಮೇಲಿರುವುದಿಲ್ಲ, ಅವನ ಕೈ ಮೇಲಿರುತ್ತದೆ.

ಅಮೆರಿಕದ ಫ್ರೆಡರಿಕ್ ಟೇಲರ್ ಕೂಲಿಯವರ ಕೆಲಸವನ್ನು ಗಡಿಯಾರ ಹಿಡಿದು ಅಳೆಸಿದವನು. ದಿನಕ್ಕೆ 12.5 ಟನ್ ಕಬ್ಬಿಣ ಹೊರುತ್ತಿದ್ದಲ್ಲಿ ಒಬ್ಬನಿಂದ 47.5 ಟನ್ ಹೊರಿಸಿದೆ ಎಂದು 1911ರ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದ. ಕೂಲಿ ಏರಿದ್ದು 1.15 ಡಾಲರಿನಿಂದ 1.85ಕ್ಕೆ. ನಮ್ಮ ಹೆಂಗಸರಿಗೆ ಇದನ್ನು ಹೇಳಿದರೆ, ಆ ಪುಣ್ಯಾತ್ಮ ಡಬ್ಬ ಎಷ್ಟು ಸಲ ಕುಲುಕಿದ ಅಂತ ಬಾಯಲ್ಲೇ ಲೆಕ್ಕ ಹಾಕುತ್ತಾರೆ.

ಆದರೆ ಡಬ್ಬಕ್ಕೆ ಸಿಗದ ಕೆಲಸವೂ ಉಂಟು. ನಮ್ಮಲ್ಲಿಗೆ ಬರುವ ಅಜ್ಜಿಯೊಬ್ಬಳ ಡಬ್ಬ ಯಾವತ್ತೂ ಎಲ್ಲರಿಗಿಂತ ಕಮ್ಮಿ. ಕೈಗಿಂತ ಬಾಯಿ ಜೋರು: ಯಾರ ಮನೆ ಸೊಸೆ ತವರಿಗೆ ಹೋದಳು, ಯಾವ ದೆವ್ವ ಯಾವ ಹುಣಸೆಮರ ಬಿಟ್ಟಿತು. ಅವಳು ಬಾರದ ರಾತ್ರಿ ಒಂಬತ್ತಕ್ಕೇ ಆಕಳಿಕೆ ಶುರು. ಹಂಡೆಗೆ ಅಡಿಕೆ ಸಾಲುವುದಿಲ್ಲ. ಡಬ್ಬ ಕುಲುಕುವ ಸಾಹುಕಾರನೂ ಅವಳಿಗೆ ಎರಡನೇ ಲೋಟ ಚಹಾ ಕೇಳದೆ ಕೊಡಿಸುತ್ತಾನೆ.

"ನಮ್ಮಲ್ಲಿ ಅದಕ್ಕೆ ಎಂಗೇಜ್‌ಮೆಂಟ್ ಅಂತಾರೆ ಮಾವ," ಎಂದ ಹುಡುಗ. "ಅದಕ್ಕೇ ಅಂತ ಬೇರೆ ಮ್ಯಾನೇಜರ್ ಇದಾರೆ."

"ಕಥೆ ಚೆನ್ನಾಗಿ ಹೇಳ್ತಾರೇನೋ?"

"ಇಲ್ಲ ಮಾವ, ಪಿಪಿಟಿ ತೋರಿಸ್ತಾರೆ."