ಕಾಲು ಹಾರ್ಮೋನಿಯಂ ಇಟ್ಟುಕೊಂಡವರಿಗೆ ಒಂದು ಬಹಿರಂಗ ಪತ್ರ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ನಾಟಕ ಮಂಡಳಿ, ಭಜನಾ ಸಂಘ, ಮಠ-ಮನೆಗಳ ಹಿರಿಯರೇ,

ನಿಮ್ಮಲ್ಲಿ ಯಾರ ಬಳಿಯಾದರೂ ನಾಟಕದ ಹಳೆಯ ಕಾಲು ಹಾರ್ಮೋನಿಯಂ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಹಳೆ ಸಾಮಾನಿನ ವ್ಯಾಪಾರಿಗೆ ಬೇಕಾದದ್ದು ಅದರ ಕಟ್ಟಿಗೆ ಮಾತ್ರ. ಅದನ್ನು ರಿಪೇರಿ ಮಾಡಿಸಿ, ಮತ್ತೆ ನುಡಿಸಿ.

ಮೈಕು ಇಲ್ಲದ ಕಾಲದಲ್ಲಿ ಕಂಪನಿ ನಾಟಕದ ಹಾಡುಗಳು ನಿಂತದ್ದು ಈ ಪೇಟಿಯ ಮೇಲೆ. ಮಾಸ್ತರರು ರಂಗದ ಮುಂದೆ ಕೂತು ಕಾಲಿನಿಂದ ತಿದಿ ತುಳಿಯುತ್ತಿದ್ದರು. ಎರಡೂ ಕೈ ಸ್ವರದ ಮನೆಗಳ ಮೇಲೆ ಓಡಾಡುತ್ತಿದ್ದವು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, ಆ ನಿರ್ಬಂಧ ಮೂರು ದಶಕ ನಡೆಯಿತು. ನಮ್ಮ ರಂಗಭೂಮಿ ಮಾತ್ರ ಅದರ ಕೈಬಿಡಲಿಲ್ಲ. ಗದಗಿನ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳ ಅನ್ನ-ವಿದ್ಯೆಗಾಗಿ ನಾಟಕ ಕಂಪನಿ ನಡೆಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂನಲ್ಲೂ ಪ್ರವೀಣರಾಗಿದ್ದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ರಿಪೇರಿಗೆ ಒಂದು ಕ್ರಮ ಇದೆ. ನಮ್ಮ ಬಿರುಬಿಸಿಲಿಗೆ ಕಟ್ಟಿಗೆ ಒಣಗಿ ಬಿರುಕು ಬಿಡುತ್ತದೆ, ತಿದಿಯ ತೊಗಲು ಸೀಳುತ್ತದೆ, ಇಲಿ-ಗೆದ್ದಲು ಉಳಿದದ್ದನ್ನು ತಿನ್ನುತ್ತವೆ. ಮೊದಲು ಗಾಳಿ ಸೋರುವುದನ್ನು ನಿಲ್ಲಿಸಬೇಕು, ಆಮೇಲೆ ಮನೆಗಳ ಕೆಳಗಿನ ಮುಚ್ಚಳಗಳನ್ನು ಸರಿಮಾಡಬೇಕು. ರೀಡಿಗೆ ಕೈಹಚ್ಚುವುದು ಕೊನೆಗೆ. ಗಾಳಿ ಸಾಲದಿದ್ದರೆ ಒಳ್ಳೆಯ ರೀಡೂ ಅಪಸ್ವರ ನುಡಿಯುತ್ತದೆ. ರೀಡಿನ ಹಿತ್ತಾಳೆಯ ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಮ್ಮೆ ಕೆರೆದ ಲೋಹ ಮರಳಿ ಬಾರದು. ಆದ್ದರಿಂದ ಉಜ್ಜುಕಾಗದ ಹಿಡಿದು ಯಾರೂ ಅವಸರ ಮಾಡಬೇಡಿ. ಶ್ರುತಿ ಬಲ್ಲ ಕಿವಿ ಇರುವವರಿಗೇ ಒಪ್ಪಿಸಿ.

ಇಂಥ ರಿಪೇರಿ ಬೇರೆಡೆಯೂ ನಡೆದಿದೆ. ಅಮೆರಿಕದಲ್ಲಿ ಮೂಕಿಚಿತ್ರಗಳ ಕಾಲದ ವುರ್ಲಿಟ್ಜರ್ ಕಂಪನಿಯ ಪೈಪ್ ಆರ್ಗನ್‌ಗಳನ್ನು ಹವ್ಯಾಸಿಗಳು ಸಂಬಳವಿಲ್ಲದೆ ಬಿಚ್ಚಿ, ತೊಗಲು ಬದಲಿಸಿ, ಥಿಯೇಟರುಗಳಲ್ಲಿ ಮತ್ತೆ ನುಡಿಸಿದ್ದಾರೆ. ಅಲ್ಲಿ ಸಾವಿರಾರು ಕೊಳವೆಗಳ ಆರ್ಗನ್‌ಗಳಿಗೇ ಇಷ್ಟು ಜನ ದುಡಿಯುವಾಗ, ಒಂದು ಪೇಟಿಯನ್ನು ಎತ್ತಿ ನಿಲ್ಲಿಸುವುದು ನಮ್ಮ ಕೈಲಿ ಆಗದ ಕೆಲಸವಲ್ಲ.

ನಮ್ಮ ಸೀಮೆಯ ತಿಂಥಣಿ ಮೌನೇಶ್ವರ, ಮೈಲಾಪುರ ಮೈಲಾರಲಿಂಗನ ಜಾತ್ರೆಗಳಿಗೆ ಹರಿದು ಬರುವ ಜನರಿಗೆ ಹಾಡಿನ ರುಚಿ ಗೊತ್ತು. ಅಲ್ಲಿ ನಾಟಕ ಆಡಿಸುವವರು ಕೀಬೋರ್ಡಿನ ಜೊತೆಗೆ ಕಾಲು ಹಾರ್ಮೋನಿಯಂಗೂ ಜಾಗ ಕೊಡಲಿ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅದು ನೋಡುವ ಸಾಮಾನಾಗಿ ಉಳಿಯುತ್ತದೆ; ಗಾಳಿ ಆಡದಿದ್ದರೆ ತಿದಿ ಬಿಗಿಯುತ್ತದೆ, ರೀಡಿಗೆ ಕಿಲುಬು ಹಿಡಿಯುತ್ತದೆ.

ನಿಮ್ಮ ಊರಲ್ಲಿ ಪೇಟಿ ಮಾಸ್ತರರೊಬ್ಬರು ಇನ್ನೂ ಇದ್ದರೆ, ಅವರ ಪಕ್ಕ ಕಲಿಯುವ ಹುಡುಗನನ್ನೋ ಹುಡುಗಿಯನ್ನೋ ಇಂದೇ ಕೂರಿಸಿ. ಸಂಘದ ಮುಂದಿನ ಖರ್ಚಿನ ಲೆಕ್ಕದಲ್ಲಿ ಶಾಮಿಯಾನದ ಬಾಡಿಗೆಗಿಂತ ಮೊದಲು ಈ ಪೇಟಿಯ ರಿಪೇರಿಯನ್ನು ಬರೆಯಿರಿ.

ಇಂತಿ,
ರಂಗಗೀತೆಗಳ ಅಭಿಮಾನಿ