ಬೊಮ್ಮನಹಳ್ಳಿ ಪರಿಸರದ ಎಲೆಕ್ಟ್ರಿಕ್ ಗಿಟಾರುಗಳಲ್ಲಿ ಗೊರಗೊರ ಪ್ರಜ್ಞೆ: ಒಂದು ಸಾಂಸ್ಕೃತಿಕ ಅನುಸಂಧಾನ

ಅಧ್ಯಾಯ 1: ಪ್ರವೇಶಿಕೆ

ಬೆಂಗಳೂರಿನ ಹೊಸೂರು ರಸ್ತೆಯ ಎಡಬಲಕ್ಕೆ ಹರಡಿಕೊಂಡಿರುವ ಬೊಮ್ಮನಹಳ್ಳಿಯನ್ನು ವರ್ತಮಾನದ ನೆಲೆಯಲ್ಲಿ ನಿಂತು ಅವಲೋಕಿಸಿದಾಗ, ಇಲ್ಲಿನ ಪಿಜಿಗಳ ಮೇಲ್ಮಹಡಿಗಳಿಂದ ರಾತ್ರಿ ಹತ್ತರ ಮೇಲೆ ಹೊಮ್ಮುವ ಗೊರಗೊರ ಸದ್ದೊಂದು ಮುನ್ನೆಲೆಗೆ ಬರುವುದನ್ನು ಕಂಡುಕೊಳ್ಳಬಹುದಾಗಿದೆ. ಹೊಸ ಎಲೆಕ್ಟ್ರಿಕ್ ಗಿಟಾರಿನ ತಂತಿ ತಾನು ಮುಟ್ಟಬಾರದ ಫ್ರೆಟ್ಟನ್ನು, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯನ್ನು, ಮುಟ್ಟಿದಾಗ ಹುಟ್ಟುವ ಈ ಸದ್ದನ್ನು ಲೌಕಿಕರು ‘ಬಜ್ ಬರ್ತಿದೆ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಇಷ್ಟು ಬೇಗ ಅರ್ಥವಾಗಿಬಿಡುವ ಮಾತು ಸಂಶೋಧನೆಗೆ ತೊಡಕು. ಆದಕಾರಣ ಪ್ರಸ್ತುತ ಪ್ರಬಂಧದಲ್ಲಿ ಇದನ್ನು ‘ತಂತ್ರೀ-ಸೋಪಾನ ಅನಪೇಕ್ಷಿತ ಸ್ಪರ್ಶಜನ್ಯ ಉಪನಾದ’ ಎಂದು ಹೆಸರಿಸಲಾಗಿದೆ, ಸಂಕ್ಷಿಪ್ತವಾಗಿ ‘ತಂಸೋಅಸ್ಪಉ’. ಇದನ್ನು ಒಂದೇ ಉಸಿರಿನಲ್ಲಿ ಹೇಳಲಾಗದವರು ಮುಂದಿನ ಅಧ್ಯಾಯಕ್ಕೆ ಅನರ್ಹರು.

ಅಧ್ಯಾಯ 2: ಚಾರಿತ್ರಿಕ ಹಿನ್ನೆಲೆ

ಯಾವ ವಿಷಯವನ್ನೇ ಆಗಲಿ ಶಾಸನದಿಂದ ಆರಂಭಿಸಬೇಕೆಂಬುದು ನಮ್ಮ ಸಂಕಿರಣಗಳ ಅಲಿಖಿತ ಕಟ್ಟಳೆ. ಅದೃಷ್ಟವಶಾತ್ ಬೊಮ್ಮನಹಳ್ಳಿಯಿಂದ ಬೇಗೂರು ರಸ್ತೆ ಹಿಡಿದರೆ ನಾಗೇಶ್ವರ ದೇವಾಲಯ ಸಿಗುತ್ತದೆ. ಅಲ್ಲಿನ ಸುಮಾರು ಕ್ರಿ.ಶ. 900ರ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರಿದೆ, ಒಂದು ಕಾಳಗವೂ ಇದೆ. ಗಿಟಾರ್ ಇಲ್ಲ. ಈ ಮೌನ ಅತ್ಯಂತ ಅರ್ಥಪೂರ್ಣವಾದುದಾಗಿದೆ.

ಮುಂದಿನ ಸಾವಿರ ವರ್ಷ ಇದೇ ಮೌನ. 1923ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಎಂಬಾತನಿಗೆ ಒಂದು ಪೇಟೆಂಟ್ ಸಿಕ್ಕಿತು: ಕತ್ತಿನೊಳಗೆ ಉಕ್ಕಿನ ಸರಳು ಹುದುಗಿಸಿ, ನಟ್ಟು ತಿರುಗಿಸಿ ಅದರ ಬಾಗು ತಿದ್ದುವ ಉಪಾಯ. ಇವತ್ತಿಗೂ ಟ್ರಸ್ ರಾಡ್ ಎಂದರೆ ಅದೇ. 2007ರಲ್ಲಿ ಬೊಮ್ಮನಹಳ್ಳಿ ನಗರಸಭೆ ಬಿಬಿಎಂಪಿಯಲ್ಲಿ ಲೀನವಾಯಿತು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಈ ಎರಡು ಘಟನೆಗಳ ಒಳಸಂಬಂಧ ಪ್ರತ್ಯೇಕ ಪಿಎಚ್.ಡಿ.ಗೆ ವಸ್ತು. ಮಾರ್ಗದರ್ಶಕರು ಸಿಕ್ಕಿದ್ದಾರೆ, ಸಂಬಂಧ ಇನ್ನೂ ಸಿಕ್ಕಿಲ್ಲ.

ಅಧ್ಯಾಯ 3: ಪಂಥಗಳು

ತಂಸೋಅಸ್ಪಉ ಕುರಿತಂತೆ ಹನ್ನೊಂದು ಚಿಂತನಾ ಪಂಥಗಳಿದ್ದು, ಅವುಗಳನ್ನು ಕ್ರಮವಾಗಿ ಚರ್ಚಿಸಲಾಗುವುದು.

ಮೊದಲನೆಯದು ಸೆಟ್ಲ್‌ವಾದ. ಇದರ ಆಚಾರ್ಯರು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಪೀಠಸ್ಥರು. ‘ಹೊಸದಲ್ವಾ ಸಾರ್, ಒಂದ್ ತಿಂಗ್ಳು ನುಡ್ಸಿ, ತಾನಾಗೇ ಸೆಟ್ಲ್ ಆಗುತ್ತೆ’ ಎಂಬುದು ಇವರ ಮೂಲಸೂತ್ರ. ಕಾಲವೇ ಸರ್ವಕ್ಕೂ ಕಾರಣ ಎಂದು ನಂಬುವ ಈ ದರ್ಶನದಲ್ಲಿ ಒಂದು ತಿಂಗಳಲ್ಲಿ ನಿಜವಾಗಿಯೂ ಏನೋ ಒಂದು ಸೆಟ್ಲ್ ಆಗುತ್ತದೆ. ಅದು ವಾಪಸಾತಿಯ ಅವಧಿ.

ಎರಡನೆಯದು ಅಂಗುಲಿದೋಷವಾದ: ‘ಗಿಟಾರ್ ಪಕ್ಕಾ ಇದೆ, ನೀವೇ ಸರಿಯಾಗಿ ಒತ್ತುತ್ತಿಲ್ಲ.’ ಕಲಿಯಲು ಬಂದವನಿಗೆ ನುಡಿಸಲು ಬರುವುದಿಲ್ಲವೆಂಬ ಸತ್ಯವನ್ನೇ ಸಾಕ್ಷ್ಯವಾಗಿ ಬಳಸುವುದರಿಂದ ಈ ವಾದವನ್ನು ಖಂಡಿಸುವುದು ಕಷ್ಟಸಾಧ್ಯವಾಗಿದೆ.

ಮೂರನೆಯದು ಕಾಷ್ಠವಾದ. ಇವರ ಪ್ರಕಾರ ದೋಷ ಮರದ ಜಾತಿಯಲ್ಲಿದೆ. ಕೊಂಡದ್ದು ಪಾಪ್ಲರ್ ಆದರೆ ಆಲ್ಡರ್ ಕೊಳ್ಳಬೇಕಿತ್ತು, ಆಲ್ಡರ್ ಆದರೆ ಮಹಾಗನಿ. ಮರ ಯಾವುದಾದರೂ ಪರಿಹಾರದ ದಿಕ್ಕು ಮಾತ್ರ ಒಂದೇ: ಇನ್ನೂ ಇಪ್ಪತ್ತು ಸಾವಿರ ಮೇಲೆ.

ನಾಲ್ಕನೆಯದು ನಾದಬ್ರಹ್ಮವಾದ, ಎಲ್ಲಕ್ಕಿಂತ ಕಿಲಾಡಿ. ‘ತಂಬೂರಿ ಕೂಡ ಗುಂಯ್ ಅನ್ನಲ್ವಾ ಸಾರ್, ನಮ್ಮ ಸಂಗೀತದಲ್ಲಿ ಅದಕ್ಕೇ ಅಲ್ವಾ ಬೆಲೆ?’ ಹೌದು, ತಂಬೂರಿ ಗುಂಯ್ ಅನ್ನುತ್ತದೆ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ಎಳೆ ದಾರ ತೂರಿಸಿ, ಕಿವಿಗೊಟ್ಟು, ಕೂದಲಷ್ಟು ಹಿಂದೆ ಮುಂದೆ ಸರಿಸುತ್ತ ಜೀವಾಳ ಹಿಡಿಸಿರುತ್ತಾರೆ, ಅದಕ್ಕೆ. ಆ ಗುಂಯ್ ಯಾರೋ ಕೂತು ಮಾಡಿದ ಕೆಲಸ. ಈ ಗೊರಗೊರ ಯಾರೂ ಕೂತು ಮಾಡದೆ ಬಿಟ್ಟ ಕೆಲಸ.

ಉಳಿದ ಏಳು ಪಂಥಗಳು ಇವುಗಳ ಅಣ್ಣತಮ್ಮಂದಿರೇ. ಬರೆಯುವ ನನಗೇ ಬೇಸರವಾಗಿರುವುದರಿಂದ ಕೈಬಿಡಲಾಗಿದೆ.

ಅಧ್ಯಾಯ 4: (ಶೀರ್ಷಿಕೆ ಸಿದ್ಧವಾಗುತ್ತಿದೆ)

ವಿದ್ಯಮಾನದ ಸತ್ತಾತ್ಮಕ ಆಯಾಮಗಳನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಸಮಸ್ಯೀಕರಿಸುವುದಕ್ಕೆ ಮುನ್ನ ತಂತಿಯನ್ನು ಒಮ್ಮೆ ನೋಡುವುದು ಅನಿವಾರ್ಯವಾಗುತ್ತದೆ. ನೋಡಿದರೆ ತೊಂದರೆ ಶುರು, ಏಕೆಂದರೆ ಎಲ್ಲವೂ ಕಣ್ಣಿಗೇ ಕಾಣುತ್ತದೆ.

ತೆಳು ಸೆಟ್ಟಿನ ಆರು ತಂತಿಗಳನ್ನು ಶ್ರುತಿ ಮಾಡಿದಾಗ ಅವೆಲ್ಲ ಸೇರಿ ಕತ್ತನ್ನು ಸುಮಾರು 38 ಕೆಜಿ ಬಲದಿಂದ ಮುಂದಕ್ಕೆ ಎಳೆಯುತ್ತವೆ. ಟ್ರಸ್ ರಾಡ್ ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟದಲ್ಲಿ ಕತ್ತು ಪೂರಾ ನೇರ ನಿಲ್ಲಬಾರದು, ತುಸುವೇ ಮುಂದಕ್ಕೆ ಬಾಗಿರಬೇಕು. ಮೀಟಿದ ತಂತಿ ನಡುವಿನಲ್ಲಿ ಹೆಚ್ಚು ಅಗಲಕ್ಕೆ ಆಡುತ್ತದೆ, ಅದಕ್ಕೆ ಆಡಲು ಜಾಗ ಬೇಕು. ಎಷ್ಟು ಜಾಗ? ಒಂದು ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದರೆ ತಂತಿಯೇ ರೂಲುಪಟ್ಟಿಯಾಗುತ್ತದೆ. ಏಳನೆಯ ಅಥವಾ ಎಂಟನೆಯ ಫ್ರೆಟ್ಟಿನ ನೆತ್ತಿಗೂ ತಂತಿಗೂ ನಡುವೆ ಕಾಲು ಮಿಲಿಮೀಟರ್ ಇರಬೇಕು. ಅಷ್ಟೇ.

ಎಲ್ಲೋ ತೇವದ ಊರಿನ ಕಾರ್ಖಾನೆಯಲ್ಲಿ ಬಿಗಿದ ಕತ್ತು, ಹಡಗು ಲಾರಿ ಗೋದಾಮುಗಳನ್ನು ದಾಟಿ, ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಬಂದು ಬೀಳುತ್ತದೆ. ಮರ ಕುಗ್ಗುತ್ತದೆ. ಫ್ರೆಟ್ಟಿನ ತುದಿಗಳು ಅಂಚಿನಿಂದ ಹೊರಬಂದು ಅಂಗೈಗೆ ಚುಚ್ಚುತ್ತವೆ, ಕತ್ತು ನೆಟ್ಟಗಾಗಿ ತಂತಿಯ ಜಾಗ ಇಲ್ಲವಾಗುತ್ತದೆ. ಮೊದಲ ಐದು ಫ್ರೆಟ್ಟುಗಳಲ್ಲೇ ಗೊರಗೊರ ಇದ್ದರೆ ಬಹುಮಟ್ಟಿಗೆ ಕಾರಣ ಇದು. ರಾಡಿನ ನಟ್ಟನ್ನು ಅಪ್ರದಕ್ಷಿಣವಾಗಿ ಸಡಿಲಿಸಬೇಕು. ಎಲ್ಲ ಕಡೆ ಗೊರಗೊರ ಇದ್ದರೆ ಆಕ್ಷನ್, ಅಂದರೆ ಫ್ರೆಟ್ಟಿನಿಂದ ತಂತಿಗಿರುವ ಎತ್ತರ, ತಗ್ಗಿದೆ; ಬುಡದಲ್ಲಿ ತಂತಿಯನ್ನು ಹೊರುವ ಸ್ಯಾಡಲ್ ಏರಿಸಬೇಕು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಒಂದೂವರೆಯಿಂದ ಎರಡು ಮಿಲಿಮೀಟರ್ ಸಾಕು, ದಪ್ಪ ತಂತಿಗೆ ತುಸು ಹೆಚ್ಚು. ಬೆರಳಿಡದೆ ಮೀಟಿದಾಗ ಮಾತ್ರ ಬಂದರೆ ತಲೆಯ ಕಡೆ ತಂತಿ ಕೂರುವ ಪಟ್ಟಿಯ (ಇದರ ಹೆಸರೂ ನಟ್ಟೇ) ಕಚ್ಚು ಆಳವಾಗಿದೆ. ಒಂದೇ ಒಂದು ಜಾಗದಲ್ಲಿ ಬಂದರೆ ಅದರ ಮುಂದಿನ ಫ್ರೆಟ್ಟು ಎದ್ದಿದೆ. ಅದನ್ನು ಮಟ್ಟ ಮಾಡುವುದು ಮಾತ್ರ ಕೈ ಪಳಗಿದವರ ಕೆಲಸ. ಆಂಪ್ಲಿಫೈಯರಿಗೆ ಹಾಕಿದಾಗ ಕೇಳದ ಸಣ್ಣ ಗೊರಗೊರಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮುಗಿಯಿತು. ಇಡೀ ಶಾಸ್ತ್ರ ಇಷ್ಟೇ. ಇದನ್ನು ಇನ್ನೂರು ಪುಟಕ್ಕೆ ಹಿಗ್ಗಿಸುವುದು ಹೇಗೆಂಬುದೇ ಪ್ರಸ್ತುತ ಪ್ರಬಂಧದ ಬಿಕ್ಕಟ್ಟಾಗಿದೆ.

ಅಧ್ಯಾಯ 5: ಕ್ಷೇತ್ರಕಾರ್ಯ

ಕಾಲು ಮಿಲಿಮೀಟರ್ ಅಳೆಯುವ ಸಾಧನದ ಶೋಧದಲ್ಲಿ ಪ್ರಬಂಧಕಾರ ಹೊಂಗಸಂದ್ರದ ಒಂದು ಗಲ್ಲಿಗೆ ತೆರಳಿ, ಬೈಕ್ ಮೆಕ್ಯಾನಿಕ್ ಒಬ್ಬರನ್ನು ಸಂದರ್ಶಿಸಲಾಯಿತು. (ವ್ಯಾಕರಣ ತಪ್ಪಿದೆ, ಪಿಎಚ್.ಡಿ. ಗದ್ಯದಲ್ಲಿ ಹಾಗೆ ತಪ್ಪಬೇಕೆಂದೇ ನಿಯಮ.)

‘ಅಣ್ಣ, ಫಿಲ್ಲರ್ ಗೇಜು ಇದ್ರೆ ಒಂಚೂರು ಕೊಡ್ತೀರಾ?’

‘ಯಾಕ್ ಸಾರ್? ಗಾಡಿ ಎಲ್ಲಿ?’

ಗಿಟಾರ್ ತೋರಿಸಿದೆ. ಅವರು ಕೈ ಒರೆಸಿಕೊಂಡು, ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ಇನ್ನೂ ನಾನು ಏನೂ ಹೇಳಿರಲಿಲ್ಲ.

‘ಹಿಂದಕ್ ಬಗ್ಗೈತಲ್ಲ ಸಾರ್ ಇದು. ಟ್ಯಾಪೆಟ್ ಸೆಟ್ಟಿಂಗ್ ಇದ್ದಂಗೇ ತಾನೆ? ಗ್ಯಾಪ್ ಎಷ್ಟ್ ಬಿಡ್ಬೇಕು ಹೇಳಿ.’

‘ಕಾಲು ಮಿಲಿ.’

‘ಅಷ್ಟೊಂದಾ? ಬೈಕಿಗೆ ಅಷ್ಟು ಬಿಟ್ರೆ ಟಕಟಕ ಅಂತ ಬೀದಿಗೆಲ್ಲ ಕೇಳ್ಸುತ್ತೆ. ಎಲ್ಎನ್ ಕೀ ಕೊಡ್ಲಾ?’

ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಗೇಜಿನ ಹಾಳೆ ತೂರಿಸಿ ನೋಡಿದೆವು. ಚಹಾ ಬರುವಷ್ಟರಲ್ಲಿ ಗೊರಗೊರ ಹೋಗಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ.

ಇಲ್ಲಿಂದ ಮುಂದೆ ಅಧ್ಯಾಯಗಳಿಲ್ಲ.

ಕೋಪ ಬರುವುದು ಗಿಟಾರಿನ ಮೇಲಲ್ಲ. ಕಂತಿನಲ್ಲಿ ಕೊಂಡವನಿಗೆ ಇಷ್ಟನ್ನು ಹೇಳಲು ಅಂಗಡಿಯವನಿಗೆ ಎರಡು ನಿಮಿಷ ಸಾಕಿತ್ತು. ಹೇಳಲಿಲ್ಲ. ಗೊತ್ತಿರಲಿಲ್ಲವೋ, ಗೊತ್ತಿದ್ದೂ ‘ಸೆಟಪ್ ಮಾಡಿಸ್ಬೇಕು, ಬೇರೆ ಚಾರ್ಜ್ ಆಗುತ್ತೆ’ ಎಂದು ಆಮೇಲೆ ಹೇಳಲು ಇಟ್ಟುಕೊಂಡಿದ್ದನೋ. 2025ರ ಆಗಸ್ಟಿನಲ್ಲಿ ಮೆಟ್ರೋ ಹಳದಿ ಮಾರ್ಗ ತೆರೆದ ಮೇಲೆ ಬೊಮ್ಮನಹಳ್ಳಿ ನಿಲ್ದಾಣದಿಂದ ಗಿಟಾರ್ ಹೊತ್ತು ಅಂಗಡಿಗೆ ವಾಪಸು ಹೋಗುವುದು ಸಲೀಸಾಗಿದೆ. ಅಲ್ಲಿ ಸಿಗುವ ಉತ್ತರ ಮಾತ್ರ ಅದೇ. ಕೊನೆಗೆ ಹುಡುಗ ಅಥವಾ ಹುಡುಗಿ, ಎರಡನೆಯ ಪಂಥದ ತೀರ್ಪನ್ನೇ ನಂಬುತ್ತಾರೆ: ದೋಷ ನನ್ನ ಬೆರಳಿನಲ್ಲಿದೆ, ಸಂಗೀತ ನನಗೆ ಹತ್ತುವುದಿಲ್ಲ. ಗಿಟಾರ್ ಬೀರುವಿನ ಮೇಲೆ ಹೋಗುತ್ತದೆ. ಕಂತು ಮಾತ್ರ ಪ್ರತಿ ತಿಂಗಳೂ ಸರಿಯಾದ ಶ್ರುತಿಯಲ್ಲಿ ಕಟ್ಟಾಗುತ್ತದೆ.

ಇದು ಮುಚ್ಚಿಟ್ಟು ಮಾರಬೇಕಾದ ವಿದ್ಯೆಯೇ ಅಲ್ಲ. 1954ರಲ್ಲಿ ಸ್ಟ್ರಾಟೊಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರ್ ಹೊರತಂದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕತ್ತನ್ನು ಅಂಟಿಸುವ ಬದಲು ಸ್ಕ್ರೂ ಹಾಕಿ ಬಿಗಿದ, ಕೆಟ್ಟರೆ ಬಿಚ್ಚಲಿ ಎಂದು. ಆರು ತಂತಿಗೆ ಆರು ಸ್ಯಾಡಲ್ ಇಟ್ಟ, ಒಂದೊಂದನ್ನೂ ಬೇರೆ ಬೇರೆ ಏರಿಸಿ ಇಳಿಸಲಿ ಎಂದು. ಬಿಚ್ಚಿ ಸರಿಮಾಡಿಕೊಳ್ಳಲೆಂದೇ ಹುಟ್ಟಿದ ವಾದ್ಯವನ್ನು ಮುಟ್ಟಬಾರದ ಗರ್ಭಗುಡಿಯ ಹಾಗೆ ಮಾರುತ್ತಿದ್ದಾರೆ. ನಮ್ಮ ದೊಡ್ಡಬಳ್ಳಾಪುರದ ಹತ್ತಿರದ ಸಿಂಪಾಡಿಪುರದಲ್ಲಿ ವೀಣೆ ಮಾಡುವವರಿದ್ದಾರೆ. ವೀಣೆಯ ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ; ಸ್ವರ ಜಾರಿದರೆ ಮೇಣ ತೆಗೆದು ಮತ್ತೆ ಮೇಳ ಕಟ್ಟುತ್ತಾರೆ. ಆ ಕೆಲಸ ವೀಣೆ ಮಾಡುವುದರ ಭಾಗವೇ. ‘ತಾನಾಗೇ ಸೆಟ್ಲ್ ಆಗುತ್ತೆ’ ಎಂದು ಕೊಟ್ಟರೆ ವಿದ್ವಾಂಸರು ಅದೇ ವೀಣೆಯನ್ನು ಮಾಡಿದವರ ಜಗಲಿಯ ಮೇಲಿಟ್ಟು ಬರುತ್ತಾರೆ.

ಇನ್ನು ನಮ್ಮ ವಿಚಾರ ಸಂಕಿರಣಗಳು. ‘ಶ್ರಮ ಸಂಸ್ಕೃತಿ’, ‘ದೇಸೀ ಜ್ಞಾನ ಪರಂಪರೆ’ ಎಂಬ ಮಾತುಗಳನ್ನು ಅಲ್ಲಿ ಮಧ್ಯಾಹ್ನದ ಊಟದವರೆಗೂ ಕೇಳಬಹುದು. ಆ ಜ್ಞಾನ ಇರುವವರನ್ನು ಯಾರೂ ಕರೆದಿರುವುದಿಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಸೂಜಿಗೂ ಹುಕ್ಕಿಗೂ ನಡುವಿನ ಕೂದಲೆಳೆ ಅಂತರವನ್ನು ಕಣ್ಣಳತೆಯಲ್ಲಿ ಹೊಂದಿಸುವ ಮೆಕ್ಯಾನಿಕ್‌ಗಳಿದ್ದಾರೆ. ಹೊಲಿಗೆಯ ಸದ್ದು ಒಂಚೂರು ಬದಲಾದರೆ ಯಂತ್ರಕ್ಕೆ ಏನಾಗಿದೆ ಎಂದು ಹೇಳಬಲ್ಲ ಹೆಣ್ಣುಮಕ್ಕಳಿದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವುದಕ್ಕೆ ತಡೆ ಬಂದಾಗ ಹೊಸೂರು ರಸ್ತೆಯನ್ನು ನಿಲ್ಲಿಸಿ, ಕೇಂದ್ರ ಸರ್ಕಾರ ಆದೇಶ ವಾಪಸು ಪಡೆಯುವಂತೆ ಮಾಡಿದವರು ಇವರೇ. ಆಗ ಸುದ್ದಿಯಾದದ್ದು ಟ್ರಾಫಿಕ್ ಜಾಮು. ಇಷ್ಟು ಸೂಕ್ಷ್ಮವಾದ ಕಿವಿ, ಇಷ್ಟು ನಿಖರವಾದ ಕೈ ಒಂದೇ ಊರಿನಲ್ಲಿ ಇಷ್ಟೊಂದು ಇರುವಾಗ, ಗಿಟಾರಿನ ಕಾಲು ಸುತ್ತಿಗೆ ಪರಿಣತರನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ಸ್ಥಿತಿ ಇದೆಯೆಂದರೆ, ನಾವು ವಿದ್ಯೆ ಎಂದು ಯಾವುದನ್ನು ಎಣಿಸುತ್ತಿದ್ದೇವೆ? ನನ್ನ ಗಿಟಾರಿನ ಪೆಟ್ಟಿಗೆಯಲ್ಲಿ ಬಂದ ಸೂಚನೆಯ ಕಾಗದ ಹಲವು ಭಾಷೆಗಳಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ, ಅದು ವಿದೇಶಿ ಕಂಪನಿಯ ತಪ್ಪಲ್ಲ. ‘ವಿದ್ಯಮಾನದ ಸತ್ತಾತ್ಮಕ ಆಯಾಮ’ ಎಂದು ಬರೆಯಲು ನಮ್ಮಲ್ಲಿ ಜನ ಬೇಕಾದಷ್ಟಿದ್ದಾರೆ, ‘ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ ನೋಡಿ’ ಎಂದು ಬರೆಯಲು ಇಲ್ಲ.

ಓದುಗರಲ್ಲಿ ಒಂದು ಮಾತು. ಹೊಸ ಗಿಟಾರ್ ಕೊಳ್ಳುವುದಿದ್ದರೆ ದುಡ್ಡು ಕೊಡುವ ಮುಂಚೆ, ಆಂಪ್ಲಿಫೈಯರ್ ಹಾಕದೆ, ಆರೂ ತಂತಿಗಳನ್ನು ಒಂದೊಂದು ಫ್ರೆಟ್ಟಿನಲ್ಲೂ ಒತ್ತಿ ಮೀಟಿ ನೋಡಿ. ನುಡಿಸಲು ಬರಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಅಂಗಡಿಯವರು ಗಡಿಯಾರ ನೋಡುತ್ತಾರೆ, ನೋಡಲಿ. ಗೊರಗೊರ ಬಂದರೆ ಅವರ ಕೈಯಿಂದಲೇ, ನಿಮ್ಮ ಕಣ್ಣೆದುರೇ, ಬೇರೆ ಚಾರ್ಜ್ ಇಲ್ಲದೆ ಸರಿಮಾಡಿಸಿಕೊಳ್ಳಿ. ಮನೆಯಲ್ಲಿ ನೀವೇ ರಾಡಿನ ನಟ್ಟು ತಿರುಗಿಸುವುದಾದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ನಟ್ಟು ಜಗ್ಗದೆ ಹಟ ಹಿಡಿದರೆ ನೀವು ಹಟ ಹಿಡಿಯಬೇಡಿ.